ಬಾಂಬೋಳಿ ಸ್ಟಾಪು

ವಾಸ್ಕೊ–ಪಣಜಿ, ದಿನಕ್ಕ ನಾಲ್ಕು ಟ್ರಿಪ್ಪು.
ಬಾಗಿಲದಾಗ ಜೋತುಬಿದ್ದು ಒದರೂದು ನನ್ನ ನೌಕರಿ:
ಚಿಕಾಳಿ, ಸಾಂಕ್ವಾಳ, ಕುಠ್ಠಾಳಿ, ಆಗಶಿ, ಪಿಳಾರ,
ಬಾಂಬೋಳಿ ಮೆಡಿಕಲ್, ಮೆಡಿಕಲ್, ಲಗೂ ಇಳೀರಿ.
ಹನ್ನೊಂದು ವರ್ಷದಾಗ ಎಷ್ಟು ಮಂದಿನ್ನ ಅಲ್ಲಿ ಇಳಿಸೀನಿ,
ಎಕ್ಸ್‌ರೇ ಲಕೋಟಿ ಎದಿಗವಚಿಕೊಂಡವರು, ಬಸುರಿಯರು,
ಒಮ್ಮೆ ಕಾಲಿಗೆ ಪ್ಲಾಸ್ಟರ್ ಹಾಕಿದ ಪಾದ್ರಿ.
ನಾ ಇಳಿದಿರಲಿಲ್ಲ.

ಮೊದಲ ಮೊಣಕೈ ಮ್ಯಾಲ ಎಂಟಾಣೆಯಷ್ಟ ಇತ್ತು,
ಕೆಂಪಗ, ಅದರ ಮ್ಯಾಲ ಬೆಳ್ಳಗ, ಮೀನಿನ ಹುರುಪಿಯಂಗ.
ಎರಡು ಮಳಿಗಾಲ ಕಳಿಯೂದರೊಳಗ
ಬೆನ್ನು, ಹೊಟ್ಟಿ, ಕಡೀಕ ಅಂಗೈ.
ಅಂಗೈ ಅಂದ್ರ ಕಂಡಕ್ಟರನ ಅಂಗಡಿ.
ಮಂದಿ ರೊಕ್ಕಾ ಸೀಟಿನ ಸರಳಿನ ಮ್ಯಾಲ ಇಡಾಕ ಹತ್ತಿದ್ರು.
ಬಸ್ಸು ಹೊಳ್ಳಿದಾಗ ಅದು ಉರುಳೂದು,
ಅವರ ಚಪ್ಪಲಿಗಳ ನಡುವ ನಾ ಬಗ್ಗಿ
ಹತ್ತರ ಬಿಲ್ಲೆ ಹುಡುಕೂದು.

ವಾಸ್ಕೊದ ಡಾಕ್ಟರು ಏಳು ವರ್ಷ ಒಂದ ಮುಲಾಮು ಬರೆದ,
ಟ್ಯೂಬಿನ ಬಣ್ಣ ಅಷ್ಟ ಬದಲಿ.
ಫೋಂಡ್ಯಾದ ವೈದ್ಯ ಬದನಿಕಾಯಿ ಬಿಡು ಅಂದ,
ಮಡಗಾಂವದಾಂವ ಮೀನ ಬಿಡು ಅಂದ,
ಹೆಂಡತಿ ಅಣ್ಣ ಗೋವಾನ ಬಿಡು ಅಂದ.
ನನ್ನ ಕಡೆ ಬಿಡಾಕ ಉಳಿದದ್ದು ಉಗುರು.
ಅವು ತಾವ ಬಿಡಾಕತ್ತಿದ್ದವು.

ಏಳೂ ಹತ್ತರ ಟ್ರಿಪ್ಪಿಗೆ ಕುಠ್ಠಾಳಿಯಾಗ ಹತ್ತೂ ಅಪೊಲಿನಾಬಾಯಿ,
ಮೆಡಿಕಲ್ಲಿನ ನರ್ಸು,
ರೊಕ್ಕಾ ಅಂಗೈಯಾಗ ಇಡಾಕಿ ಅಕಿ ಒಬ್ಬಾಕಿನ.
ಒಂದು ದಿನ ಇಟ್ಟಾಕಿ ಕೈ ಬಿಡಲಿಲ್ಲ, ಹೊಳ್ಳಿಸಿ ನೋಡಿದಳು.
“ಇದು ಹಚ್ಚೂ ಔಷಧದ ಬ್ಯಾನಿ ಅಲ್ಲಪಾ ಯಮನೂರ್.
ಬಯಾಲಜಿಕ್ ಅಂತ ಸೂಜಿ ಐತಿ.
ಎಲ್ಲಾ ಚರ್ಮದ ಡಾಕ್ಟರೂ ಬರಿಯೂದಿಲ್ಲ.
ಮಂಗಳವಾರ ನಾಗ್ವೇಕರ್ ಬಾಯಿ ಕೂಡತಾಳ. ಅಕಿ ಬರೀತಾಳ.”
ಹಿಂದ ಯಾರೋ ಚಿಲ್ಲರ್, ಚಿಲ್ಲರ್ ಅಂತ ಕೂಗಿದ್ರು.

ಆ ಮಂಗಳವಾರ ನನ್ನ ಬಸ್ಸಿನಾಗ ನಾ ಕುಂತು ಹೋದೆ.
ಬದಲಿ ಹುಡುಗ “ಮೆಡಿಕಲ್” ಅಂತ ಒದರಿದ, ನನ್ನ ದನಿಯಾಗ.
ಎದ್ದೆ. ದಿನಾ ತುಳಿಯೂ ಮೆಟ್ಟಲಾ
ಇಳಿಯಾಕ ಹೋದ್ರ ಎತ್ತರ ಇತ್ತು.

ನಾಗ್ವೇಕರ್ ಬಾಯಿ ಅಂಗಿ ತಗಿ ಅಂದಳು.
“ನಿನ್ನ ಅಂಗೈನ ಅಳತಿ. ಎಷ್ಟು ಅಂಗೈ ಐತಿ ಎಣಿಸೂಣು.”
ಎಣಿಸಿದಳು, ಸಾವಕಾಶ, ಕೈಗವಸು ಇಲ್ಲದ.
ಮೂವತ್ತೊಂದು.
ಟಿಕೆಟಿನ ಲೆಕ್ಕಕ್ಕಿಂತ ಬ್ಯಾರೆ ಲೆಕ್ಕ
ನನ್ನ ಅಂಗೈಗೆ ಬರತೈತಿ ಅಂತ ಯಾರಿಗೆ ಗೊತ್ತಿತ್ತು!

“ಮನ್ಯಾಗ ಯಾರಿಗರ ಟಿಬಿ?”
ಇಲ್ಲರಿ.
ಪೆನ್ನು ಎತ್ತಿ ಹಿಡಿದು ಸುಮ್ಮನ ಕುಂತಳು.
ವೆರ್ಣ್ಯಾದ ತಗಡಿನ ಶೆಡ್ಡು. ರಾತ್ರಿ.
ಸಿಮೆಂಟಿನ ಚೀಲ ಹೊದ್ದು ಕೆಮ್ಮೂ ಅವ್ವ.
ಧೂಳಿಗೆ ಅಂತಿದ್ದ ಅಪ್ಪ, ನಾವೂ ಹಂಗ ಅಂದಿವಿ,
ಮಣ್ಣು ಕೊಟ್ಟ ಮ್ಯಾಲೂ.
ಹೌದರಿ ಅಂದೆ. ನಮ್ಮವ್ವಗ.

ಆ ಸೂಜಿಗಿಂತ ಮೊದಲ ಇನ್ನೊಂದು ಸೂಜಿ,
ಅದನ್ನ ಚುಚ್ಚಾಕ ಚಲೋ ಚರ್ಮ ಬೇಕು.
ಇಬ್ಬರು ಹುಡುಗಿಯರು ಕೈ ಹೊಳ್ಳಿಸಿ ಹೊಳ್ಳಿಸಿ ಹುಡುಕಿದ್ರು,
ಊರು ಮುಣುಗಿದಲ್ಲಿ ಒಣಾ ನೆಲ ಹುಡುಕಿದಂಗ.
ಸಿಕ್ಕಿತು, ಗಡಿಯಾರದ ಪಟ್ಟಿ ಕೆಳಗ.
ಮೂರನೇ ದಿನ ಅಲ್ಲೊಂದು ಗಂಟು ಎದ್ದಿತು.
ಅವ್ವ ನನ್ನ ಹೆಸರಿಗೆ ಬಿಟ್ಟು ಹೋದ ಆಸ್ತಿ.

ಮೊದಲ ಅದಕ್ಕ ಗುಳಿಗಿ. ಆಮ್ಯಾಲ ರೊಕ್ಕದ ಫಾರ್ಮು:
ಒಂದು ಸೂಜಿಗೆ ನನ್ನ ಎರಡು ತಿಂಗಳ ಪಗಾರ.
ಮೂರು ಸಹಿ, ಅದರಾಗಿನವ ಒಬ್ಬ ರಜಾದ ಮ್ಯಾಲ.
ಮಾಲೀಕ ನಾಲ್ಕು ಮಂಗಳವಾರ ಕೊಟ್ಟ,
ಐದನೇದಕ್ಕ ಹೀಂಗ ಆದ್ರ ಹ್ಯಾಂಗ ಅಂದ.

ಆರನೇದಕ್ಕ ಬಾಯಿ ಬರೆದಳು.
ಒಂದ ಸಾಲು. ನಾ ಇನ್ನೂ ಏನರ ಇದ್ದೀತು ಅಂತ
ಕಾಗದ ಹೊಳ್ಳಿಸಿ ನೋಡಿದೆ.
ಹತ್ತೀತೇನರಿ?
“ಹನ್ನೆರಡು ವಾರಕ್ಕ ಹೇಳತೀನಿ.”
ಮುಂದಿನವರ ಹೆಸರು ಕರೆದ್ರು.

ಹೊಳ್ಳಿ ಬರುವಾಗ ಬದಲಿ ಹುಡುಗ ರೊಕ್ಕಾ ಬ್ಯಾಡ ಅಂದ.
ಇವತ್ತ ನಾ ಪ್ಯಾಸೆಂಜರ್, ತಗೋ ಅಂದೆ.
ಅಂವ ಅಂಗೈ ಚಾಚಿದ. ಎಳೇ ಅಂಗೈ,
ಮಸಿ ಹತ್ತಿದ್ದು, ಸಾಪ.
ಬಿಲ್ಲೆ ನಾ ಸರಳಿನ ಮ್ಯಾಲ ಇಟ್ಟೆ.

ಬಸ್ಸು ಝುವಾರಿ ಸೇತುವಿಗೆ ಏರಿತು,
ಬಿಲ್ಲೆ ಉರುಳಾಕ ಹತ್ತಿತು.