ವಾಲ್ ಕೀಲಿ

ಡಾಕ್ಟರು ತೋರಿಸಿದ ಫೋಟೋದಾಗ
ಜ್ವಾಳದ ಕಾಳಿನಷ್ಟು ಕಪ್ಪು.
ಇಷ್ಟ? ಅಂದೆ.
ಇಷ್ಟ, ಅಂದ್ರು, ಆದರ ಚೌಕದಾಗ ಅದ.

ಲಾಲಸಾಬ ಕೊರಬು, ಮೂವತ್ತೊಂದು ವರ್ಷ
ವಿಜಯಪುರಕ್ಕ ನೀರು ಬಿಟ್ಟಾಂವ,
ಖಾಟಿನ ಮ್ಯಾಲೆ ಕೂತು ತಂಬಿಗಿ ನೋಡ್ತಾನ.
ಒಳಗಿರೂದು ಏನಂತ ಅವಗ ಗೊತ್ತು,
ಹೆಸರು ಬರವಲ್ದು.
ತುಟಿ ತೆರೀತಾವ, ಮುಚ್ಚತಾವ,
ಪಾಳಿ ಇಲ್ಲದ ದಿನದ ನಳದಂಗ
ಬರೇ ಗಾಳಿ.

ಅವನ ಕೈಕೆಳಗ ಆರು ವರ್ಷ ದುಡದಾಂವ ನಾ.
ಮೊದಲನೇ ದಿನ ಹೇಳಿದ್ದ:
ನಕಾಶೆ ನಂಬಬ್ಯಾಡ ಮಲಕಾರಿ,
ನಕಾಶೆ ಬರದಾಂವ ಈ ಓಣ್ಯಾಗ ಕೊಡ ಹೊತ್ತಿಲ್ಲ.
ಓಣಿ ಒಳಗ ಎಲ್ಲಾ ಎಲ್ಲಾದಕ್ಕೂ ಕೂಡ್ತಾವ,
ಮುಕ್ಕಾಲು ಇಂಚಿನ ಪೈಪು, ಗಿಡ್ಡ ದಾರಿ,
ಒಂದು ಮನಿ ನಳ ತಿರುವಿದ್ರ ನಾಕು ಮನಿಗೆ ತಿಳೀತದ.
ಓಣಿಯಿಂದ ಓಣಿಗೆ ಅಂದ್ರ ತುಟ್ಟಿ:
ಅಗೀಬೇಕು, ರಸ್ತೆ ಒಡೀಬೇಕು, ಬೈಸಿಕೋಬೇಕು.
ಅದಕ್ಕ ಉದ್ದನ್ನ ಪೈಪು ಕೆಲವು.
ಅವು ಬಂದು ಬೀಳೋ ಚೌಕ ಇನ್ನೂ ಕೆಲವು.

ಹೇಳಿ, ಹಳೇ ಗಂಜಿನ ಬುಡಕ್ಕ ಕರಕೊಂಡು ಹೋಗಿದ್ದ.
ಕಲ್ಲಿನ ಗೋಪುರ, ಹೊಟ್ಟಿತುಂಬ ಪಾರಿವಾಳ.
ತೊರವಿ ಕಡೆಯಿಂದ ನೆಲದೊಳಗ ನಡದು ಬಂದ ನೀರು
ಇಲ್ಲಿ ಏರಿ, ಸೊಕ್ಕು ಇಳಿಸಿ,
ರಾಡಿ ಕೆಳಗ ಬಿಟ್ಟು
ಆಮ್ಯಾಲೆ ಹಂಚಿ ಹೋಗತಿತ್ತಂತ.
ನೇರ ಬಿಟ್ರ ಪೈಪು ಒಡೀತದ, ಅಂದಿದ್ದ,
ನಡುವ ಒಬ್ಬಾಂವ ನಿಂತು ಕೇಳಬೇಕು, ಯಾರ ಪಾಳಿ ಅಂತ.

ಡಾಕ್ಟರು ಹೇಳೂದೂ ಹಂಗ ಅದ.
ತಲಿಯೊಳಗೂ ಓಣಿಗಳು:
ನೋಡೋ ಓಣಿ, ಕೈ ಆಡಿಸೋ ಓಣಿ,
ಖಾಲಿ ಕೂತಾಗ ಹಳೇದು ಮೆಲುಕು ಹಾಕೋ ಓಣಿ ಸೈತ.
ನಾವು ಏನೂ ಮಾಡದಿದ್ದಾಗ
ಅಲ್ಲಿ ನೀರು ಜೋರಂತ.
ಓಣಿ ಒಡದ್ರ ಓಣಿಗಷ್ಟ ತ್ರಾಸ.
ಚೌಕ ಒಡದ್ರ
ಚೊಲೋ ಇದ್ದ ಪೈಪೂ ಒಣಗತಾವ.

ಮಗಳು ಜೈತುನ ಚಿತ್ರದ ಕಾರ್ಡು ಹಿಡೀತಾಳ.
ಕೊಡಕ್ಕ ಬಾಳಿಹಣ್ಣು ಅಂತಾನ,
ತಪ್ಪಂತ ತಿಳೀತದ,
ಹಣಿ ಬಡಕೋತಾನ.

ಮೊನ್ನೆ ಸೋತಾಂವ ನಾನು.
ಜೋರಾಪುರ ಪೇಟಿಗೆ ನೀರು ಏರವಲ್ದು,
ಹದಿನಾಲ್ಕು ದಿನ,
ಹೆಂಗಸರು ಆಫೀಸಿನ ಬಾಗಲಕ್ಕ ಖಾಲಿ ಕೊಡ ಪಾಳಿ ಹಚ್ಚಿದ್ದರು.
ಕೀಲಿ ತಂದು ಅವನ ತೊಡಿ ಮ್ಯಾಲಿಟ್ಟೆ:
ಕಾಕಾ, ಎಲ್ಲಾ ವಾಲ್ ತೆಗದೀನಿ, ಎಲ್ಲಾ.

ಅವಾ ಎಡಗೈ ಬಟ್ಟು ಚಾದಾಗ ಅದ್ದಿದ.
ಫರಸಿಗಲ್ಲಿನ ಮ್ಯಾಲೆ
ಭೂತನಾಳ ಕಡೆಯಿಂದ ಒಂದು ಗೆರಿ, ಅಡ್ಡ ಒಂದು,
ಎರಡೂ ಕೂಡೋ ಕಡೆ ಗುಂಡಗ ಸುತ್ತಿದ,
ಮತ್ತ ಸುತ್ತಿದ,
ಅಲ್ಲಿಂದ ಯಾವ ನಕಾಶೆಯೊಳಗೂ ಇಲ್ಲದ
ಸಣ್ಣದೊಂದು, ಮಸೂತಿ ಹಿಂದ ಹಾಸಿ, ಪೇಟಿಗೆ.
ಹಳೇ ಲೈನು. ಮುಚ್ಯಾರಂತ ತಿಳಕೊಂಡಿದ್ದೆ.
ಉಳಿದ ಗೆರಿಗಳನ್ನ ಒಂದೊಂದಾಗಿ
ಅಂಗೈಲೇ ಒರಸಿದ. ಮುಚ್ಚು ಅಂತ.

ನಾ ಬಾಯಿ ತಕ್ಕೊಂಡು ನಿಂತಿದ್ದೆ.
ಆಗ ಬಂತು ನೋಡ್ರಿ:
ಹುಚ್ಚಪ್ಯಾಲಿ!
ಜೈತುನ ಅಡಿಗಿಮನಿಯಿಂದ ಸೌಟು ಹಿಡಕೊಂಡು ಓಡಿ ಬಂದ್ಲು.
ನಾಕು ತಿಂಗಳಾಗ ಮೊದಲನೇ ಮಾತು,
ಸ್ವಚ್ಛ, ಪೂರ್ತಿ, ಒತ್ತಕ್ಷರ ಸಮೇತ, ನನಗ.
ಬೈಗುಳಕ್ಕ ದಾರಿ ಬ್ಯಾರೆ ಇರತದಂತ,
ಡಾಕ್ಟರು ನಕ್ಕರು.

ಆ ರಾತ್ರಿ ಪೇಟಿಗೆ ನೀರು ಏರಿತು.
ಮೊದಲ ಗಾಳಿ, ಆಮ್ಯಾಲೆ ತುಕ್ಕು,
ಆಮ್ಯಾಲೆ ಅದು.
ಅದರ ಹೆಸರು ಅವಗ ಇನ್ನೂ ಬಂದಿಲ್ಲ.

ಫರಸಿ ಮ್ಯಾಲಿನ ಚಾದ ಗೆರಿ ಯಾರೂ ತೊಳದಿಲ್ಲ.
ಬೆಳಿಗ್ಗೆ ಹೋದಾಗ
ಇರುವಿ ಅದರ ಗುಂಟ ಹೊಂಟಿದ್ದವು,
ಸುತ್ತಿದ ಕಡೆ ಗುಂಪುಗೂಡಿ
ಒಂದಕ್ಕೊಂದು ಮೂತಿ ಹಚ್ಚಿ, ಏನೋ ಕೇಳಿ,
ಆ ಸಣ್ಣ ದಾರಿಗೆ ಹೊರಳತಿದ್ದವು.
ಲಾಲಸಾಬ ಕಾಲು ಮ್ಯಾಲೆತ್ತಿ ಕೂತಿದ್ದ,
ತುಳೀಬಾರದಂತ.