ಬಣ್ಣದ ಖಾತೆ

ಲಾಲ್‌ಬಾಗಿನ ನಮ್ಮ ಚಾಳಿಗೆ ಮೊದಲು ಬಂದದ್ದು
ಬಣ್ಣದ ಟೀವಿಯಲ್ಲ, ಬಣ್ಣದ ಹಾಳೆ.
ಮೇಲೆ ನೀಲಿ, ನಡುವೆ ಕೇಸರಿ, ಕೆಳಗೆ ಹಸಿರು,
ಪರೇಲಿನ ಫುಟ್‌ಪಾತಿನಲ್ಲಿ ಹನ್ನೆರಡು ರೂಪಾಯಿ.
ಪೆಡ್ಣೇಕರರು ಅದನ್ನು ತಮ್ಮ ಕಪ್ಪುಬಿಳುಪು ಗಾಜಿಗೆ ಅಂಟಿಸಿದ ಸಂಜೆ
ವಾರ್ತೆ ಓದುವಾಕೆಯ ಹಣೆ ಆಕಾಶವಾಯಿತು,
ಕೆನ್ನೆ ಮಾವಾಯಿತು,
ಕೊರಳ ತುಂಬ ಹುಲ್ಲು ಬೆಳೆಯಿತು.
ಒಂದೇ ಖೋಲಿಯಲ್ಲಿ ಇಪ್ಪತ್ತಾರು ಜನ, ಚಪ್ಪಾಳೆ.
ಅಪ್ಪ ಹೊಸ್ತಿಲು ದಾಟಲಿಲ್ಲ.
‘ಇದು ಬಣ್ಣಲ್ಲ’ ಅಂದ, ‘ಬಣ್ಣದ ಸುಳ್ಳು.’

ಅನ್ನುವ ಹಕ್ಕು ಅವನಿಗಿತ್ತು.
ರಬಕವಿಯ ಮಗ್ಗದ ಕುಣಿಯಿಂದೆದ್ದು ಬಂದು
ಹತ್ತೊಂಬತ್ತು ವರ್ಷ ಗಿರಣಿಯ ಬಣ್ಣದ ಖಾತೆಯಲ್ಲಿ
ಹಬೆಯೊಳಗೆ ನಿಂತು, ತಕ್ಕಡಿ ಮುಟ್ಟದೆ
ಕಣ್ಣಳತೆಯಲ್ಲೇ ಪುಡಿ ಸುರಿದವನು.
ಉಗುರಿನ ಬುಡದಲ್ಲಿ ತಿಕ್ಕಿದರೂ ಹೋಗದ ನೀಲಿ.
ಕಲಸಿದ ಮೊಸರನ್ನಕ್ಕೂ ಅದು ಹತ್ತುತ್ತದೆಂದು
ಅವ್ವ ಸುಮ್ಮನೆ ಬೈಯುವಳು, ಹತ್ತುತ್ತಿರಲಿಲ್ಲ.

ಎಂಬತ್ತೆರಡರ ಜನವರಿಯಲ್ಲಿ ಭೋಂಗಾ ನಿಂತಿತು.
ಮುಷ್ಕರ ಇನ್ನೊಂದು ವಾರ ಎಂದರು,
ದೀಪಾವಳಿಯ ತನಕವೂ ಇನ್ನೊಂದು ವಾರ ಎಂದರು.
ದಿಲ್ಲಿಯಲ್ಲಿ ಆಟೋಟ ಶುರುವಾಗುವ ಮುಂಚೆ
ಪೆಡ್ಣೇಕರರ ತಮ್ಮ ಮಸ್ಕತ್ತಿನಿಂದ ಇಳಿಸಿದ,
ಕಟ್ಟಿಗೆಯ ಮೈ, ಎಳೆದು ಮುಚ್ಚುವ ಕದ,
ಖರೇ ಬಣ್ಣದ ಟೀವಿ.

ಕದ ಸರಿಸಿದರೆ ಎಲ್ಲರ ಮುಖವೂ ಟೊಮೇಟೊ,
ಹುಲ್ಲೋ ಕಣ್ಣು ಚುಚ್ಚುವ ಹುಲ್ಲು.
ಜನ ಬಾಯಿ ತೆರೆದು ಕೂತಿದ್ದಾಗ
ಅಪ್ಪ ತೊಡೆಗಳ ಮೇಲಿಂದ ದಾಟುತ್ತ, ಯಾರನ್ನೂ ಕೇಳದೆ,
ಹೋಗಿ ಗುಬುಟು ಹಿಡಿದ.
ಒಂದು ಕೂದಲೆಳೆ ಹಿಂದಕ್ಕೆ.
ಅಷ್ಟೇ.
‘ಈಗ ಮನುಷ್ಯರು ಕಂಡರಪ್ಪಾ’ ಅಂದಳು ಪೆಡ್ಣೇಕರರ ಮುದುಕಿ.

ಆಮೇಲೆ ಕರೆ ಬರತೊಡಗಿತು.
ಚಿಂಚ್‌ಪೋಕಳಿಯ ಸೊನಾರರು, ಭಾಯಖಳದ ಪಾರ್ಸಿ ದಂತವೈದ್ಯ,
ಕಾಳಾಚೌಕಿಯಲ್ಲಿ ಒಬ್ಬ ಫೌಜದಾರ.
ರಂಗ್ ಮಾಸ್ತರ್ ಹೊರಟರೆ ಹಿಂದೆ ನಾನು,
ಶಾಲೆಯ ಫೀ ಕಟ್ಟದೆ ಮನೆಯಲ್ಲಿದ್ದೆನಲ್ಲ.
ಹೋದ ಮನೆಯಲ್ಲಿ ಅವನು ಕೇಳುವುದು ಒಂದೇ,
‘ಒಂದು ನಿಂಬೆಹಣ್ಣು ಕೊಡ್ರಿ.’
ಗಾಜಿನ ಪಕ್ಕ ಅದನ್ನು ಹಿಡಿದು, ಕಣ್ಣು ಕಿರಿದು ಮಾಡಿ,
ಗುಬುಟು ತಿರುವುತ್ತ, ತಿರುವುತ್ತ,
ಎರಡು ಹಳದಿಯೂ ಒಂದಾದಾಗ ಕೈಬಿಡುವನು.
ದುಡ್ಡು ಮುಟ್ಟುತ್ತಿರಲಿಲ್ಲ.
ಅರ್ಧ ಕಿಲೋ ಸಕ್ಕರೆ ಕೊಟ್ಟರೆ ಮಾತ್ರ ಬೇಡವೆನ್ನಲು
ಆ ವರ್ಷ ನಮ್ಮಿಂದ ಆಗಲಿಲ್ಲ.
ನಿಂಬೆಹಣ್ಣನ್ನೂ ತರುತ್ತಿದ್ದೆ ನಾನು, ಫ್ರಾಕಿನ ಕಿಸೆಯಲ್ಲಿ.

ಸಿನಿಮಾ, ನಾಟಕ, ಕ್ರಿಕೆಟ್ಟು ಅವನಿಗೆ ಬೇಡ.
ಕಾರ್ಯಕ್ರಮಕ್ಕೆ ಮುಂಚೆ ಬರುತ್ತಿದ್ದವಲ್ಲ,
ನಿಂತ ಪಟ್ಟೆಗಳು, ಕುಂಯ್ ಎಂಬ ಸದ್ದಿನೊಂದಿಗೆ,
ಅವನ್ನು ನೋಡಲೆಂದೇ ಅರ್ಧ ತಾಸು ಮೊದಲು ಕೂರುವನು.
ಖಾತೆಯಲ್ಲಿ ಹಾಜರಿ ಕೂಗಿದಂತೆ ಮೆಲ್ಲಗೆ ಕೂಗುವನು:
ಹಾಲು. ನಿಂಬೆ.
ಮೂರನೆಯದು ಹನ್ನೊಂದನೇ ನಂಬರು, ಸೂರತ್ತಿಗೆ ಹೋಗುವ ಮಾಲು.
ಗಿಳಿ. ರಾಣಿ. ದಾಳಿಂಬೆ.
ನೀಲಿ ಬಂದಾಗ ತನ್ನ ಕೈ ತೋರಿಸುವನು.
‘ಮತ್ತ ಕರಿದು?’ ಅಂದರೆ,
‘ಅದು ಎಲ್ಲಾ ಹೊಂಡದ ನೀರು ಕೂಡಿ ಹರಿಯೋ ಮೋರಿ, ಮಗಾ.’

ಉಗುರು ಬೆಳೆಯಿತು. ಬೆಳೆದಂತೆ
ನೀಲಿ ಬುಡ ಬಿಟ್ಟು ತುದಿಗೆ ಸರಿಯಿತು.
ಮಾರ್ಚಿನಲ್ಲೊಂದು ಭಾನುವಾರ, ಪೇಪರಿನ ಮೇಲೆ,
ಕಟಕ್, ಕಟಕ್, ಹತ್ತು ತುಣುಕು.
ಅವ್ವ ಮಡಿಚಿ ಎಸೆಯಲು ಹೋದವಳು
ನಲ್ಲಿಯ ಹತ್ತಿರ ಸ್ವಲ್ಪ ಹೊತ್ತು ನಿಂತಳು.
ನೀರು ಬಂದಿರಲಿಲ್ಲ.

ಈಗ ಡೊಂಬಿವಲಿಯಲ್ಲಿ ಗೋಡೆಯ ಮುಕ್ಕಾಲು ಟೀವಿ.
ನೂರು ಕೋಟಿ ಬಣ್ಣವಂತೆ, ಅಳಿಯ ಲೆಕ್ಕ ಹೇಳುತ್ತಾನೆ.
ಹುಡುಕಿದೆ, ಎಲ್ಲಿಯೂ ಗುಬುಟಿಲ್ಲ.
ಮೊನ್ನೆ ಯಾರೂ ಇಲ್ಲದಾಗ
ಅಡುಗೆಮನೆಯಿಂದ ನಿಂಬೆಹಣ್ಣು ತಂದು ಪಕ್ಕಕ್ಕೆ ಹಿಡಿದೆ.
ಹೊಂದಲಿಲ್ಲ.
ಹಣ್ಣಿನದೇ ತಪ್ಪಿರಬೇಕು,
ವಾಶಿ ಮಾರ್ಕೆಟ್ಟಿನದು, ಒಂದು ಮಗ್ಗುಲು ಇನ್ನೂ ಕಾಯಿ.