ಎಂಥಾ ಕಂದು

ಸಿದ್ದಾಪುರದ ಸಂತೆ ಬೀದಿಯಲ್ಲಿ ನನ್ನದು ಜೆರಾಕ್ಸ್ ಅಂಗಡಿ.
ಆಧಾರ್, ಆರ್‌ಟಿಸಿ, ಮದುವೆ ಕರೆಯೋಲೆಗಳ ನಡುವೆ
ವರ್ಷಕ್ಕೊಮ್ಮೆ, ಕಾಫಿ ಕುಯ್ಲು ಮುಗಿದ ವಾರ,
ಚೋಂದಮ್ಮ ಬರುತ್ತಾರೆ, ಕಂಕುಳಲ್ಲಿ ಹದಿನಾರು ಹಾಳೆ.
ಎಲ್ಲದರಲ್ಲೂ ತಟ್ಟುಕುದುರೆ. ಬರೀ ಗೆರೆ. ಒಳಗೆ ಖಾಲಿ.

"ಟೋನರ್ ಜಾಸ್ತಿ ಬೇಡ, ಗೆರೆ ದಪ್ಪವಾದರೆ
ಕುದುರೆಗೆ ಬೊಜ್ಜು ಬಂದ ಹಾಗೆ ಕಾಣ್ತದೆ."
ನಲವತ್ತು ಪ್ರತಿ. ಮಧ್ಯೆ ಎರಡು ಪಿನ್ನು.

ಲೈನ್ ಮನೆಗಳ ಮಕ್ಕಳಿಗೆ ಆನೆ ಗೊತ್ತು.
ಆನೆ ಬಂದರೆ ಶಾಲೆಗೆ ರಜೆ,
ಬೆಳಿಗ್ಗೆ ಹಲಸಿನ ಮರದಡಿ ಅದರ ಲದ್ದಿ ಇನ್ನೂ ಬಿಸಿ.
ಕುದುರೆ ಮಾತ್ರ ಯಾರೂ ಕಂಡಿಲ್ಲ.
ಮಾದಿ, ಸಫೂರಾ, ಅಸ್ಸಾಮಿನ ಜಿಂಟು
ಮೂರು ಭಾಷೆಯಲ್ಲಿ ಕೇಳಿದ್ದು ಒಂದೇ:
ಇದಕ್ಕೆ ಆನೆಗಿಂತ ಸಿಟ್ಟಾ?

ಚೋಂದಮ್ಮ ಹೇಳಿಕೊಡುವುದು ಹೀಗೆ:
ತಟ್ಟು ಅಂದರೆ ಮರಿಯಲ್ಲ,
ಬೆಳೆದು ಮುಗಿದದ್ದೇ ಅಷ್ಟು. ನನ್ನ ಹಾಗೆ.
ಕಿವಿ ಮುಂದಿದ್ದರೆ ಕುತೂಹಲ,
ಹಿಂದಕ್ಕೆ ಮಲಗಿದರೆ ನೀವು ದೂರ ನಿಲ್ಲಿ.
ತನ್ನ ಮೂಗಿನ ಮುಂದಿನದು ಅದಕ್ಕೇ ಕಾಣದು,
ಪಕ್ಕದಿಂದ ಹೋಗಿ, ಮಾತಾಡುತ್ತ ಹೋಗಿ.
ಒಂಬತ್ತನೇ ಪುಟ ಗೊರಸಿನ ಅಡಿ.
ನಡುವೆ ಮೂರು ಮೂಲೆಯ ಮೆತ್ತನೆ ಜಾಗ, ಹೆಸರು ಕಪ್ಪೆ.
(ಇಲ್ಲಿ ಮಕ್ಕಳು ನಗುತ್ತಾರೆ. ನಗಲಿ ಎಂದೇ ತುಸು ತಡೆಯುತ್ತಾರೆ.)
ಕಪ್ಪೆಯ ಪಕ್ಕದ ಸಂದಿಯಲ್ಲಿ ಕಲ್ಲು ಸಿಕ್ಕಿಕೊಂಡರೆ
ಕುದುರೆ ಕೂಗುವುದಿಲ್ಲ,
ನಡೆಯುವಾಗ ತಲೆ ತೂಗುತ್ತದೆ, ಅಷ್ಟೆ.

ಕಂದು ಕಡ್ಡಿ ಎಲ್ಲಕ್ಕಿಂತ ಮೊದಲು ಮುಗಿಯುತ್ತದೆ.
ಆಮೇಲೆ ಕರಿಕಾಫಿಯಲ್ಲಿ ಬೆರಳದ್ದಿ ಬಳಿಯುತ್ತಾರೆ,
ಒಂದು ಸಲಕ್ಕೆ ಜೇನು, ಮೂರು ಸಲಕ್ಕೆ ಹುಣಸೆ.
ಬೆಲ್ಲದ ಕಾಫಿಯಲ್ಲವೆ,
ರಾತ್ರಿ ಕುದುರೆಗಳಿಗೆ ಇರುವೆ ಮುತ್ತುತ್ತವೆ.

ಅವರ ಪಾಲಿಗೆ ಬಂದದ್ದು ಒಂದೇ ತಟ್ಟು.
ಅಪ್ಪ ರೈಟರಾಗಿದ್ದ ತೋಟದಲ್ಲಿ ದೊರೆ ಬಿಟ್ಟುಹೋದದ್ದು,
ಜಾಯಿಕಾಯಿ ಅಂತ ಹೆಸರು. ಎರಡು ಮಳೆಗಾಲ.
ಆಮೇಲೆ ತೋಟಕ್ಕೆ ಜೀಪು ಬಂತು,
ಜಾಯಿಕಾಯಿ ಹುಣಸೂರಿನ ಕಡೆ ಹೋಯಿತು.
ಇದನ್ನು ತಾವಾಗಿ ಹೇಳಿದವರಲ್ಲ.
ಹದಿನಾರೂ ಹಾಳೆಯಲ್ಲಿ ಎಡಗಿವಿಯ ತುದಿ ಹರಿದಿತ್ತು;
ಗಾಜಿನ ಮೇಲಿನ ಗೀರೆಂದು
ನಾನು ಎರಡು ಸಲ ಮೆಷಿನ್ ಒರೆಸಿದ್ದೆ.

ಕಳೆದ ಭಾನುವಾರ ಸಂತೆಗೆ ನಿಜವಾದದ್ದು ಬಂತು.
ಹೋಮ್‌ಸ್ಟೇಯವರು ಮೈಸೂರಿನಿಂದ ತರಿಸಿದ್ದು,
ಹತ್ತಿ ಕೂತು ಫೋಟೋ ತೆಗೆಸಿಕೊಳ್ಳಲು ನೂರು ರೂಪಾಯಿ.
ದೊಡ್ಡವರೆಲ್ಲ ಮೊಬೈಲ್ ಹಿಡಿದು
ನೇರ ಅದರ ಮೂಗಿನೆದುರು ನಿಂತರು.
ಜಿಂಟು ಪಕ್ಕದಿಂದ ಬಂದ, ಅಸ್ಸಾಮಿಯಲ್ಲಿ ಏನೋ ಗೊಣಗುತ್ತ.
ಮಾದಿ ಕಿವಿ ನೋಡಿದಳು.
ಸಫೂರಾ ಲಗಾಮಿನವನಿಗೆ ಹೇಳಿದಳು:
"ನಡೆವಾಗ ತಲೆ ತೂಗ್ತದೆ. ಮುಂದಿನ ಬಲಗಾಲು ಎತ್ತಿ."
ಅವನು ನಕ್ಕ. ಆಮೇಲೆ ಎತ್ತಿದ.
ಕಪ್ಪೆಯ ಪಕ್ಕ
ಕಾಫಿ ಬೀಜದಷ್ಟು ಜಲ್ಲಿ.

ಶಟರ್ ಅರ್ಧ ಎಳೆದು ಓಡಿದೆ ಹೇಳಲು.
ಚೋಂದಮ್ಮ ಪೂರ್ತಿ ಕೇಳಿದರು. ಕೊನೆಗೆ, "ಬಣ್ಣ?"
"ಕಂದು," ಅಂದೆ.
"ಎಂಥಾ ಕಂದು?"
ಹತ್ತು ವರ್ಷದಿಂದ ಕುದುರೆ ಕಂಡವನು ನಾನು,
ಕಂಡದ್ದೆಲ್ಲ ಕಪ್ಪು ಬಿಳುಪು.

ಮೋಟು ಕಡ್ಡಿಗಳ ಡಬ್ಬಿ ಸರಿಸಿದರು,
ಒಂದು ಹಾಳೆ, ಒಂದು ಲೋಟ ಕಾಫಿ.
ಕುಡಿಯಲೋ ಬಳಿಯಲೋ ನಾನು ಕೇಳಲಿಲ್ಲ.
ಬೆರಳದ್ದಿದೆ.
ಹೊಟ್ಟೆಯ ಹತ್ತಿರ ಗೆರೆ ದಾಟಿತು.